ಅಂಚೆ ಪಾಠದಿಂದ ಆನ್‌ಲೈನ್ ಪಾಠದವರೆಗೆ

ವಿದ್ಯಾರ್ಥಿ ಬರೆದು ಕಳಿಸಿದ ಉತ್ತರದ ಪಕ್ಕ ಕೆಂಪು ಶಾಯಿಯಲ್ಲಿ ‘ಗುಡ್’ ಎಂದು ಗೀಚಿ ಅಂಕ ಹಾಕಿಬಿಟ್ಟರೆ, ಆ ಹುಡುಗನಿಗೋ ಹುಡುಗಿಗೋ ತಿಳಿದದ್ದೇನು? ಯಾವ ಭಾಗ ಚೆನ್ನಾಗಿತ್ತು, ಎಲ್ಲಿ ಎಡವಿದ್ದು, ಮುಂದಿನ ಸಲ ಏನನ್ನು ಸರಿಪಡಿಸಿಕೊಳ್ಳಬೇಕು ಎಂಬ ಸುಳಿವೇ ಅಲ್ಲಿಲ್ಲ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ಅಂದರೆ ಇಗ್ನೋ, ದೂರಶಿಕ್ಷಣದ ಬೋಧಕರಿಗೆಂದು ರೂಪಿಸಿದ ಪಾಠಗಳಲ್ಲಿ ಇಂಥ ಬರಹವನ್ನು ಟೊಳ್ಳು ಷರಾ ಎಂದು ವಿಂಗಡಿಸಲಾಗಿದೆ. ಅದರ ಜೊತೆಗೆ ಮನಸ್ಸು ಮುರಿಯುವ ಹಾನಿಕರ ಷರಾ, ದಾರಿ ತಪ್ಪಿಸುವ ಷರಾ, ಇವೆಲ್ಲಕ್ಕೂ ಎದುರಾಗಿ ನಿಲ್ಲುವ ರಚನಾತ್ಮಕ ಷರಾ ಎಂಬ ಬಗೆಗಳೂ ಇವೆ. ಉತ್ತರ ತಿದ್ದುವ ಕೆಲಸವನ್ನು ಇಷ್ಟು ಬಿಡಿಸಿ ನೋಡುವ ಅಗತ್ಯ ಅವರಿಗೇಕೆ ಬಂತು ಎಂದರೆ, ಆ ವಿದ್ಯಾರ್ಥಿಗೆ ತರಗತಿಯೇ ಇರಲಿಲ್ಲ. ತಿಂಗಳುಗಟ್ಟಲೆ ಒಬ್ಬನೇ ಕೂತು ಓದುವವನಿಗೆ ಮೇಷ್ಟ್ರ ದನಿ ಕೇಳಿಸುತ್ತಿದ್ದುದು ಬಹುಮಟ್ಟಿಗೆ ಆ ಒಂದೆರಡು ಸಾಲುಗಳಲ್ಲಿ ಮಾತ್ರ.

ಕಾಲೇಜು ಅಧ್ಯಾಪಕರಿಗೆ ಆನ್‌ಲೈನ್ ಬೋಧನೆಯ ತರಬೇತಿ ಎಂದಕೂಡಲೇ ಎಲ್ಲರಿಗೂ ನೆನಪಾಗುವುದು 2020. ಝೂಮ್, ಗೂಗಲ್ ಮೀಟ್, ಸಾಲುಗಟ್ಟಿ ಬಂದ ವೆಬಿನಾರ್‌ಗಳು. ಆದರೆ ಎದುರಿಗೆ ಇಲ್ಲದ ವಿದ್ಯಾರ್ಥಿಗೆ ಕಲಿಸುವುದು ಹೇಗೆ ಎಂದು ಮೇಷ್ಟ್ರಿಗೆ ಹೇಳಿಕೊಡುವ ಪ್ರಯತ್ನ ನಮ್ಮ ದೇಶದಲ್ಲಿ ಇಂಟರ್ನೆಟ್‌ಗಿಂತ ಹಳೆಯದು. ಆ ವಿದ್ಯೆ ನಮ್ಮಲ್ಲೇ ಬೆಳೆದಿತ್ತು, ಬೇಕಾದಾಗ ನಮ್ಮ ಕೈಗೇ ಸಿಗಲಿಲ್ಲ. ಹೀಗಾದದ್ದು ಹೇಗೆ ಎಂದು ತಿಳಿಯಲು ಅಂಚೆಯ ಕಾಲಕ್ಕೇ ಹೋಗಬೇಕು.

1962ರಲ್ಲಿ ದೆಹಲಿ ವಿಶ್ವವಿದ್ಯಾಲಯ ಅಂಚೆ ಮೂಲಕ ಪದವಿ ಪಾಠ ಶುರುಮಾಡಿತು. 1969ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವೂ ಅದೇ ದಾರಿ ಹಿಡಿಯಿತು. ಅಂಚೆ ಮತ್ತು ತೆರಪಿನ ಶಿಕ್ಷಣ ಸಂಸ್ಥೆ ಎಂಬ ಹೆಸರು ಹಳಬರಿಗೆ ಈಗಲೂ ನೆನಪಿರುತ್ತದೆ. ಕೆಲಸಕ್ಕೆ ಸೇರಿದ ಮೇಲೆ ಪದವಿ ಪಡೆದ ಗುಮಾಸ್ತರು, ಮದುವೆಯಾಗಿ ಓದು ನಿಂತುಹೋಗಿದ್ದ ಹೆಣ್ಣುಮಕ್ಕಳು, ಪ್ರಾಥಮಿಕ ಶಾಲೆಯ ಶಿಕ್ಷಕರು ಹೀಗೆ ಎಷ್ಟೋ ಜನರ ಬಾಳು ಆ ಲಕೋಟೆಗಳಿಂದ ಬದಲಾಯಿತು. 1996ರಲ್ಲಿ ಅದೇ ಸಂಸ್ಥೆ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಆದರೆ ಮೊದಲ ಕಾಲದಲ್ಲಿ ದೇಶದಾದ್ಯಂತ ಅಂಚೆ ಪಾಠಗಳಿಗೆ ದೊಡ್ಡ ಕೊರತೆಯೊಂದಿತ್ತು. ತರಗತಿಯಲ್ಲಿ ಹೇಳುವುದನ್ನೇ ಬರೆದು ಅಚ್ಚು ಹಾಕಿಸಿ ಕಳಿಸಿದರೆ ಸಾಕು ಎಂಬ ನಂಬಿಕೆ. ತರಗತಿಯಲ್ಲಾದರೆ ಮಕ್ಕಳ ಮುಖ ನೋಡಿ ಮೇಷ್ಟ್ರು ಅರ್ಧಕ್ಕೆ ನಿಂತು ಇನ್ನೊಮ್ಮೆ ವಿವರಿಸುತ್ತಾರೆ. ಅಚ್ಚಾದ ಹಾಳೆಗೆ ಮುಖ ಓದಲು ಬರುವುದಿಲ್ಲ.

ಈ ಕೊರತೆಗೆ ಉತ್ತರ ಹುಡುಕಿದವರಲ್ಲಿ ಸ್ವೀಡನ್ನಿನ ಬೋರ್ಯೆ ಹೋಲ್ಮ್‌ಬರ್ಗ್ ಮುಖ್ಯರು. ದೂರದ ವಿದ್ಯಾರ್ಥಿಗೆ ಬರೆಯುವ ಪಾಠ ಅವನ ಜೊತೆ ಕೂತು ಮಾತಾಡಿದ ಹಾಗಿರಬೇಕು ಎಂಬುದು ಅವರ ವಾದ. 1969ರಲ್ಲಿ ಸ್ಥಾಪನೆಯಾದ ಬ್ರಿಟನ್ನಿನ ಓಪನ್ ಯೂನಿವರ್ಸಿಟಿ ಬೋಧಕರು ತಿದ್ದಿದ ಉತ್ತರಗಳಲ್ಲಿ ಕೆಲವನ್ನು ಆರಿಸಿ, ಅವರ ಷರಾಗಳನ್ನೇ ಪರಿಶೀಲಿಸುವ ಪದ್ಧತಿ ಬೆಳೆಸಿತು. ಈ ಅನುಭವಗಳನ್ನು ಭಾರತಕ್ಕೆ ಒಗ್ಗಿಸಿದವರಲ್ಲಿ ಜಿ. ರಾಮ್ ರೆಡ್ಡಿಯವರ ಹೆಸರನ್ನು ಮೊದಲು ಹೇಳಬೇಕು. 1982ರಲ್ಲಿ ಹೈದರಾಬಾದಿನಲ್ಲಿ ಆರಂಭವಾದ ಆಂಧ್ರಪ್ರದೇಶ ಮುಕ್ತ ವಿಶ್ವವಿದ್ಯಾಲಯಕ್ಕೂ 1985ರಲ್ಲಿ ಸಂಸತ್ತಿನ ಕಾಯ್ದೆಯಿಂದ ಹುಟ್ಟಿದ ಇಗ್ನೋಗೂ ಅವರೇ ಮೊದಲ ಕುಲಪತಿ.

ಇಗ್ನೋ 1987ರಲ್ಲಿ ಪಾಠ ಆರಂಭಿಸಿದಾಗ ಅದರ ಬಳಿ ಇದ್ದದ್ದು ಎರಡೇ ಕೋರ್ಸು, 4,528 ವಿದ್ಯಾರ್ಥಿಗಳು. ಒಂದು ಮ್ಯಾನೇಜ್‌ಮೆಂಟ್ ಡಿಪ್ಲೊಮಾ. ಇನ್ನೊಂದು ದೂರಶಿಕ್ಷಣದ ಡಿಪ್ಲೊಮಾ, ಅಂದರೆ ದೂರದಿಂದ ಕಲಿಸುವುದು ಹೇಗೆಂದು ಕಲಿಸುವ ಕೋರ್ಸು. ಲಕ್ಷಾಂತರ ಜನರಿಗೆ ಪದವಿ ಕೊಡಲು ಹೊರಟ ಸಂಸ್ಥೆ ಮೊದಲ ದಿನವೇ ಮೇಷ್ಟ್ರನ್ನು ತಯಾರು ಮಾಡುವ ಕೆಲಸಕ್ಕೆ ಕೈಹಾಕಿತ್ತು ಎಂಬುದು ಭಾರತದ ಉನ್ನತ ಶಿಕ್ಷಣದ ಇತಿಹಾಸದಲ್ಲಿ ಎದ್ದು ಕಾಣಬೇಕಾದ ಸಂಗತಿ. 1993ರಲ್ಲಿ ಈ ಕೆಲಸಕ್ಕೆಂದೇ ಸ್ಟ್ರೈಡ್ ಎಂಬ ಪ್ರತ್ಯೇಕ ಸಂಸ್ಥೆ ಅಲ್ಲಿ ತಲೆಯೆತ್ತಿತು.

ಇಗ್ನೋದ ಹಳೆಯ ಪಠ್ಯಪುಸ್ತಕವೊಂದು ಕೈಗೆ ಸಿಕ್ಕರೆ ತೆರೆದು ನೋಡಿ. ಶುರುವಿನಲ್ಲೇ ಈ ಘಟಕ ಓದಿದ ಮೇಲೆ ನಿಮಗೆ ಏನೇನು ಸಾಧ್ಯವಾಗಬೇಕು ಎಂದು ಬರೆದಿರುತ್ತದೆ. ಕೆಲವು ಪುಟ ದಾಟಿದರೆ ‘ಚೆಕ್ ಯುವರ್ ಪ್ರೋಗ್ರೆಸ್’ ಎಂಬ ಚೌಕ. ಅದರಲ್ಲಿ ಒಂದೆರಡು ಪ್ರಶ್ನೆ, ಕೆಳಗೆ ಉತ್ತರ ಬರೆಯಲು ಖಾಲಿ ಗೆರೆಗಳು, ಬರೆದಾದ ಮೇಲೆ ಹೋಲಿಸಿ ನೋಡಲು ಘಟಕದ ಕೊನೆಯಲ್ಲಿ ಮಾದರಿ ಉತ್ತರ. ಖಾಲಿ ಗೆರೆಗೆ ಕಾಗದ ಖರ್ಚಾಗುತ್ತದೆ, ಅಚ್ಚಿನ ವೆಚ್ಚ ಏರುತ್ತದೆ. ಆದರೂ ಬಿಟ್ಟಿದ್ದಾರೆ. ಓದುವವನು ಅಲ್ಲಿ ನಿಲ್ಲಬೇಕು, ಪೆನ್ನು ಹಿಡಿಯಬೇಕು, ತನಗೆ ತಿಳಿದದ್ದೆಷ್ಟು ಎಂದು ತಾನೇ ನೋಡಿಕೊಳ್ಳಬೇಕು ಎಂಬುದು ಅದರ ಉದ್ದೇಶ. ಇಂಥ ಪುಟ ಬರೆಯುವುದನ್ನು ಅಧ್ಯಾಪಕರು ಕಲಿತೇ ಬರೆಯಬೇಕು. ತಮ್ಮ ವಿಷಯದಲ್ಲಿ ಎಷ್ಟು ದೊಡ್ಡ ವಿದ್ವಾಂಸರಾದರೂ ಅದು ತಾನಾಗಿ ಒಲಿಯುವುದಿಲ್ಲ.

ಇದೇ ಹೊತ್ತಿಗೆ ಬೇರೆ ಕಡೆಯಲ್ಲಿ ಇನ್ನೊಂದು ವ್ಯವಸ್ಥೆ ಕಟ್ಟಿಕೊಳ್ಳುತ್ತಿತ್ತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಲ್ಲೇ ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) ದೇಶದ ವಿಶ್ವವಿದ್ಯಾಲಯಗಳಲ್ಲಿ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳನ್ನು ತೆರೆಯಿತು. ಮೈಸೂರು, ಬೆಂಗಳೂರು ವಿಶ್ವವಿದ್ಯಾಲಯಗಳಿಗೂ ಅವು ಬಂದವು. ಹೊಸದಾಗಿ ಸೇರಿದವರಿಗೆ ನಾಲ್ಕು ವಾರದ ಓರಿಯೆಂಟೇಷನ್, ಆಮೇಲೆ ಮೂರು ವಾರದ ರಿಫ್ರೆಷರ್. ಇವು ಮುಗಿಯದೆ ಬಡ್ತಿ ಇಲ್ಲ. ತಾಲ್ಲೂಕು ಕಾಲೇಜಿನಲ್ಲಿ ತಮ್ಮ ವಿಷಯಕ್ಕೆ ತಾವೊಬ್ಬರೇ ಆಗಿ ವರ್ಷಗಟ್ಟಲೆ ಪಾಠ ಮಾಡಿದವರಿಗೆ ಆ ವಾರಗಳು ಎಷ್ಟು ಹಿತ ತಂದಿವೆ ಎಂಬುದನ್ನು ಆ ತಲೆಮಾರಿನ ಅಧ್ಯಾಪಕರ ಬಾಯಲ್ಲೇ ಕೇಳಬೇಕು. ಹೊಸ ಪುಸ್ತಕದ ಪರಿಚಯ, ಬೇರೆ ಜಿಲ್ಲೆಯ ಸ್ನೇಹಿತರು, ರಾತ್ರಿ ಹಾಸ್ಟೆಲಿನ ಚರ್ಚೆಗಳು. ಇಷ್ಟಾದರೂ, ಆ ವೇಳಾಪಟ್ಟಿಗಳಲ್ಲಿ ದೂರಶಿಕ್ಷಣದವರು ಕಂಡುಕೊಂಡ ವಿದ್ಯೆಗೆ ದೊಡ್ಡ ಜಾಗ ಸಿಗಲಿಲ್ಲ. ರೆಗ್ಯುಲರ್ ಕಾಲೇಜಿನ ಮೇಷ್ಟ್ರಿಗೆ ಅದರಿಂದ ಏನಾಗಬೇಕು ಎಂಬ ಭಾವನೆ ಬಲವಾಗಿತ್ತು. ಮೈಸೂರಿನಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯೂ ಮುಕ್ತ ವಿಶ್ವವಿದ್ಯಾನಿಲಯದ ಮುಕ್ತಗಂಗೋತ್ರಿಯೂ ಅಕ್ಕಪಕ್ಕದಲ್ಲೇ ಇವೆ. ಎರಡು ಶಿಕ್ಷಣ ಪದ್ಧತಿಗಳು ಒಂದನ್ನೊಂದು ಹೊರಗಿನವರಂತೆ ನೋಡಿದ ನಷ್ಟವನ್ನು ನಾವು ಮುಂದೆ ಅನುಭವಿಸಿದೆವು.

ನಡುವೆ ಟಿವಿ ಬಂತು. 1984ರ ಆಗಸ್ಟ್ 15ರಿಂದ ದೂರದರ್ಶನದಲ್ಲಿ ಯುಜಿಸಿಯ ಪಾಠಗಳು ಪ್ರಸಾರವಾದವು. 2003ರಲ್ಲಿ ಏಳು ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ವಿಡಿಯೊ ಪಾಠಗಳ ಎನ್‌ಪಿಟಿಇಎಲ್ ಯೋಜನೆ ಆರಂಭಿಸಿದವು. 2004ರ ಸೆಪ್ಟೆಂಬರ್ 20ರಂದು ಇಸ್ರೋ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿಸಿತು. ಅದರ ಪ್ರಾಯೋಗಿಕ ಯೋಜನೆಗಳಲ್ಲಿ ನಮ್ಮ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ್ದೂ ಒಂದು. ಎಲ್ಲವೂ ಒಳ್ಳೆಯ ಕೆಲಸಗಳೇ. ಆದರೆ ಪಾಠ ಮಾಡುವವರು ಸ್ಟುಡಿಯೋದಲ್ಲಿದ್ದ ಒಬ್ಬ ತಜ್ಞರು. ಈ ತುದಿಯ ಕಾಲೇಜಿನಲ್ಲಿದ್ದ ಅಧ್ಯಾಪಕರಿಗೆ ಪರದೆ ಹಚ್ಚಿ, ಮಕ್ಕಳನ್ನು ಕೂರಿಸುವ ಕೆಲಸ ಉಳಿಯಿತು.

ಇದನ್ನು ತಿರುಗಿಸಿದ್ದು ಐಐಟಿ ಬಾಂಬೆ. 2009ರಲ್ಲಿ ಕೇಂದ್ರ ಸರ್ಕಾರ ಮಾಹಿತಿ ಮತ್ತು ಸಂವಹನ ತಂತ್ರಜ್ಞಾನದ (ಐಸಿಟಿ) ಮೂಲಕ ಶಿಕ್ಷಣದ ರಾಷ್ಟ್ರೀಯ ಮಿಷನ್ ಘೋಷಿಸಿತು. ಅದರ ನೆರವಿನಿಂದ ಪ್ರಾಧ್ಯಾಪಕ ದೀಪಕ್ ಫಾಟಕ್ ಮತ್ತು ಸಂಗಡಿಗರು ಎಂಜಿನಿಯರಿಂಗ್ ಕಾಲೇಜುಗಳ ಅಧ್ಯಾಪಕರನ್ನೇ ವಿದ್ಯಾರ್ಥಿಗಳಾಗಿ ಕೂರಿಸಿದರು. ಒಂದೇ ಕಾರ್ಯಾಗಾರದಲ್ಲಿ ಹತ್ತು ಸಾವಿರ ಮಂದಿಗೆ ತರಬೇತಿ ಕೊಡುವುದು ಗುರಿ. ಅದಕ್ಕೆ ಅವರು ಕಟ್ಟಿದ ಕ್ರಮ ಸರಳವಾಗಿತ್ತು. ಮೊದಲು ದೇಶದ ನಾನಾ ಕಾಲೇಜುಗಳಿಂದ ಸಂಯೋಜಕರು ಮುಂಬೈಗೆ ಬಂದು ಕಲಿಯಬೇಕು. ಅವರು ಊರಿಗೆ ಮರಳಿದ ಮೇಲೆ ಅವರ ಕಾಲೇಜೇ ಕೇಂದ್ರ. ಸುತ್ತಲಿನ ಅಧ್ಯಾಪಕರು ಅಲ್ಲಿ ಸೇರುತ್ತಾರೆ. ಅಮೃತಾ ವಿಶ್ವವಿದ್ಯಾಪೀಠ ರೂಪಿಸಿದ ಎ-ವ್ಯೂ ತಂತ್ರಾಂಶದ ಮೂಲಕ ಮುಂಬೈಯಿಂದ ಉಪನ್ಯಾಸ ನೇರವಾಗಿ ಬರುತ್ತದೆ, ಯಾವ ಕೇಂದ್ರದಿಂದಾದರೂ ಪ್ರಶ್ನೆ ಕೇಳಬಹುದು. ಮಧ್ಯಾಹ್ನದ ಮೇಲೆ ಪರದೆ ಬಿಟ್ಟು ಸ್ಥಳೀಯ ಸಂಯೋಜಕರ ಜೊತೆ ಲ್ಯಾಬ್, ಲೆಕ್ಕ, ಚರ್ಚೆ. ಈ ಮಧ್ಯಾಹ್ನದ ಹೊತ್ತೇ ಇಡೀ ಯೋಜನೆಯ ಜೀವ ಎಂದು ನನಗನ್ನಿಸುತ್ತದೆ. ಇಷ್ಟು ದೊಡ್ಡ ಸಂಖ್ಯೆಯ ಅಧ್ಯಾಪಕರು ಪರದೆಯ ಆಚೆ ಬದಿಯಲ್ಲಿ ಕೂತು, ದನಿ ಕಡಿದುಹೋದಾಗ ಆಗುವ ಕಿರಿಕಿರಿಯನ್ನೂ ತಮ್ಮ ಪ್ರಶ್ನೆಗೆ ಉತ್ತರ ಬಂದಾಗ ಆಗುವ ಖುಷಿಯನ್ನೂ ತಾವೇ ಅನುಭವಿಸಿದರು.

ಅದೇ ಸಂಸ್ಥೆಯ ಶೈಕ್ಷಣಿಕ ತಂತ್ರಜ್ಞಾನ ವಿಭಾಗದಿಂದ ಮುಂದಿನ ಹೆಜ್ಜೆಯೂ ಬಂತು. ಶ್ರೀಧರ್ ಅಯ್ಯರ್, ಸಹನಾ ಮೂರ್ತಿ, ಸಮೀರ್ ಸಹಸ್ರಬುದ್ಧೆ ಮೊದಲಾದವರು ಕಲಿಯುವವರನ್ನು ಕೇಂದ್ರದಲ್ಲಿಟ್ಟ ಆನ್‌ಲೈನ್ ಕೋರ್ಸಿನ ಮಾದರಿಯೊಂದನ್ನು ರೂಪಿಸಿ ಅಧ್ಯಾಪಕರಿಗೆ ಕಲಿಸಿದರು. ಅದರಲ್ಲಿ ವಿಡಿಯೊ ಪಾಠಕ್ಕೆ ಒಂದು ನಿಯಮವಿದೆ. ಮಾತು ನಡುವೆ ನಿಲ್ಲಬೇಕು. ಮೇಷ್ಟ್ರು ಪ್ರಶ್ನೆಯೊಂದನ್ನು ಇಟ್ಟು, ವಿಡಿಯೊ ನಿಲ್ಲಿಸಿ ಉತ್ತರ ಬರೆದುಕೊಳ್ಳಿ, ಆಮೇಲೆ ಮುಂದುವರಿಸಿ ಎನ್ನಬೇಕು. ‘ರಿಫ್ಲೆಕ್ಷನ್ ಸ್ಪಾಟ್’ ಎಂದು ಅದನ್ನು ಕರೆಯುತ್ತಾರೆ. ಇಗ್ನೋ ಪುಸ್ತಕದ ಖಾಲಿ ಗೆರೆಗಳು ಮಾಡುತ್ತಿದ್ದ ಕೆಲಸವನ್ನೇ ಇಲ್ಲಿ ವಿಡಿಯೊದೊಳಗಿನ ಆ ನಿಲುಗಡೆ ಮಾಡುತ್ತದೆ. ಕಾಗದದಲ್ಲಾಗಲಿ ಪರದೆಯಲ್ಲಾಗಲಿ, ದೂರದಿಂದ ಕಲಿಸುವುದು ಹೇಗೆಂದು ಗಂಭೀರವಾಗಿ ಯೋಚಿಸಿದವರೆಲ್ಲ ಇಲ್ಲಿಗೇ ಬಂದು ಮುಟ್ಟಿದ್ದಾರೆ.

2017ರ ಜುಲೈ 9ರಂದು ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ ವೇದಿಕೆ ‘ಸ್ವಯಂ’ ಉದ್ಘಾಟನೆಯಾಯಿತು. 2018ರಲ್ಲಿ ಬಂದ ಅರ್ಪಿತ್ ಯೋಜನೆಯಡಿ 75 ರಾಷ್ಟ್ರೀಯ ಸಂಪನ್ಮೂಲ ಕೇಂದ್ರಗಳು ಅಧ್ಯಾಪಕರಿಗೆ ಸ್ವಯಂನಲ್ಲೇ ರಿಫ್ರೆಷರ್ ಕೋರ್ಸು ನೀಡತೊಡಗಿದವು. ಇಪ್ಪತ್ತು ಗಂಟೆ ವಿಡಿಯೊ, ಇಪ್ಪತ್ತು ಗಂಟೆ ಓದು ಮತ್ತು ಚಟುವಟಿಕೆ, ಕೊನೆಗೆ ಪರೀಕ್ಷೆ. ತೇರ್ಗಡೆಯಾದರೆ ಬಡ್ತಿಗೆ ಲೆಕ್ಕ. ರಜೆ ಹಾಕದೆ, ಸಂಸಾರ ಬಿಟ್ಟು ಹೋಗದೆ ಕಲಿಯಬಹುದು ಎಂಬುದು ಎಷ್ಟೋ ಮಹಿಳಾ ಅಧ್ಯಾಪಕರಿಗೆ ದೊಡ್ಡ ಅನುಕೂಲವಾಯಿತು. ಆದರೆ ಇದರಲ್ಲಿ ಬಹುಪಾಲು ವಿಷಯಜ್ಞಾನದ ನವೀಕರಣವೇ. ಆನ್‌ಲೈನಿನಲ್ಲಿ ಕಲಿಯುವುದೂ ಆನ್‌ಲೈನಿನಲ್ಲಿ ಕಲಿಸುವುದೂ ಬೇರೆ ಬೇರೆ ಕೆಲಸ.

ಆಮೇಲೆ 2020ರ ಮಾರ್ಚ್. ಕಾಲೇಜಿನ ಬಾಗಿಲು ಮುಚ್ಚಿತು. ಮೇಷ್ಟ್ರ ಕೈಯಲ್ಲಿ ಒಂದು ಮೊಬೈಲು. ಗಣಿತದವರು ಪುಸ್ತಕ ಜೋಡಿಸಿ, ಮೇಲೆ ಸ್ಕೇಲು ಅಡ್ಡವಿಟ್ಟು, ಅದರ ಮೇಲೆ ಮೊಬೈಲನ್ನು ಬೋರಲು ಮಲಗಿಸಿ, ಕೆಳಗಿನ ಹಾಳೆಯಲ್ಲಿ ಲೆಕ್ಕ ಬಿಡಿಸುತ್ತ ಮಾತಾಡಿದರು. ನೆಟ್‌ವರ್ಕ್ ಸಿಗದ ಮಲೆನಾಡಿನ ಮಕ್ಕಳಿಗಾಗಿ ಪಾಠವನ್ನು ವಾಟ್ಸ್ಆ್ಯಪ್ ವಾಯ್ಸ್ ನೋಟುಗಳಾಗಿ ತುಂಡರಿಸಿ ಕಳಿಸಿದವರಿದ್ದರು. ಇದನ್ನೆಲ್ಲ ಯಾವ ತರಬೇತಿ ಕೇಂದ್ರವೂ ಹೇಳಿಕೊಟ್ಟಿರಲಿಲ್ಲ. ವಿಭಾಗದ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಬ್ಬರಿಂದ ಒಬ್ಬರು ಕಲಿತರು. ರಾತ್ರಿ ಹನ್ನೊಂದಕ್ಕೆ ಫೋನು ಮಾಡಿ ‘ಸ್ಕ್ರೀನ್ ಶೇರ್ ಹೇಗೆ ಮಾಡೋದು ಮೇಡಂ’ ಎಂದು ತಮಗಿಂತ ಇಪ್ಪತ್ತು ವರ್ಷ ಚಿಕ್ಕವರನ್ನು ಕೇಳಿದ ಹಿರಿಯರ ಬಗ್ಗೆ ನನಗೆ ಅಪಾರ ಗೌರವವಿದೆ.

ಅಧಿಕೃತ ತರಬೇತಿಗಳು ಬೆನ್ನಿಗೇ ಬಂದವು, ಪ್ರವಾಹದ ಹಾಗೆ. ವೆಬಿನಾರ್ ಮುಗಿದ ಕೂಡಲೇ ಫೀಡ್‌ಬ್ಯಾಕ್ ಫಾರ್ಮ್, ಅದನ್ನು ತುಂಬಿದರೆ ಇ-ಪ್ರಮಾಣಪತ್ರ. ಎಷ್ಟೋ ಕಡೆ ಹೇಳಿಕೊಟ್ಟದ್ದು ಯಾವ ಗುಂಡಿ ಒತ್ತಿದರೆ ಏನಾಗುತ್ತದೆ ಎಂಬಷ್ಟನ್ನೇ. ಕ್ಯಾಮೆರಾ ಆಫ್ ಮಾಡಿಕೊಂಡು ಕೂತ ಅರವತ್ತು ಮಕ್ಕಳಲ್ಲಿ ಯಾರಿಗೆ ಅರ್ಥವಾಗುತ್ತಿದೆ ಎಂದು ತಿಳಿಯುವ ದಾರಿ ಯಾವುದು ಎಂಬ ಪ್ರಶ್ನೆ ಹಾಗೇ ಉಳಿಯಿತು. ಅದೇ ಮಾರ್ಚ್ ಕೊನೆಯಲ್ಲಿ ಚಾರ್ಲ್ಸ್ ಹಾಡ್ಜಸ್ ಸೇರಿದಂತೆ ಅಮೆರಿಕದ ಐವರು ವಿದ್ವಾಂಸರು ಒಂದು ಲೇಖನ ಬರೆದು, ಆಪತ್ತಿನಲ್ಲಿ ಮಾಡುವ ದೂರಬೋಧನೆಯನ್ನು ಯೋಜಿಸಿ ಕಟ್ಟಿದ ಆನ್‌ಲೈನ್ ಶಿಕ್ಷಣ ಎಂದು ತಿಳಿಯಬೇಡಿ ಎಂದು ಎಚ್ಚರಿಸಿದ್ದರು. ನಮ್ಮಲ್ಲಿ ಆ ಎಚ್ಚರ ಸಾಕಷ್ಟು ಉಳಿಯಲಿಲ್ಲ. ಆನ್‌ಲೈನ್ ಪಾಠ ಎಂದರೆ ಹೀಗೇ ಎಂಬ ತಾತ್ಸಾರ ವಿದ್ಯಾರ್ಥಿಗಳಲ್ಲೂ ಅಧ್ಯಾಪಕರಲ್ಲೂ ಬೇರೂರಿತು.

2021ರಲ್ಲಿ ರಾಜ್ಯ ಸರ್ಕಾರ ಪ್ರಥಮ ದರ್ಜೆ ಕಾಲೇಜು ಮತ್ತು ಪಾಲಿಟೆಕ್ನಿಕ್‌ಗಳಿಗೆ ಕಲಿಕಾ ನಿರ್ವಹಣೆಯ ತಂತ್ರಾಂಶವಾದ ಕರ್ನಾಟಕ ಎಲ್‌ಎಂಎಸ್ ತಂದಿತು. ಅದೇ ವರ್ಷದ ಮೇ ತಿಂಗಳಲ್ಲಿ ಯುಜಿಸಿ ಶೇ 40ರಷ್ಟು ಪಾಠವನ್ನು ಆನ್‌ಲೈನಿನಲ್ಲಿ ಮಾಡಬಹುದೆಂಬ ಕರಡು ಪ್ರಕಟಿಸಿತು. ಸ್ಟಾಫ್ ಕಾಲೇಜುಗಳು 2015ರಲ್ಲಿ ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರಗಳೆಂದು ಹೆಸರು ಬದಲಿಸಿಕೊಂಡಿದ್ದವು. 2023ರ ಸೆಪ್ಟೆಂಬರ್ 5ರಂದು ಅಧ್ಯಾಪಕರ ತರಬೇತಿಗೆಂದು ಮಾಳವೀಯ ಮಿಷನ್ ಬಂದ ಮೇಲೆ ಮತ್ತೆ ಹೆಸರು ಬದಲಾಗಿ ಅವು ಮಾಳವೀಯ ಕೇಂದ್ರಗಳಾಗಿವೆ. ಆ ಮಿಷನ್ ಗೊತ್ತುಪಡಿಸಿದ ಎಂಟು ವಿಷಯಗಳಲ್ಲಿ ಮಾಹಿತಿ ಮತ್ತು ಸಂವಹನ ತಂತ್ರಜ್ಞಾನವೂ ಒಂದು. ಈಗ ತರಬೇತಿಯೂ ಹೆಚ್ಚಾಗಿ ಆನ್‌ಲೈನಿನಲ್ಲೇ ನಡೆಯುತ್ತದೆ.

ಹಾದಿ ಇಲ್ಲಿಯವರೆಗೆ ಬಂದಿದೆ. ಮುಂದಕ್ಕೆ ಬೇಕಾದದ್ದನ್ನು ನಾನು ಎರಡೇ ಮಾತಿನಲ್ಲಿ ಹೇಳಬಲ್ಲೆ. ಮಾಳವೀಯ ಕೇಂದ್ರಗಳು ಮುಕ್ತ ವಿಶ್ವವಿದ್ಯಾಲಯಗಳ ಅನುಭವಿಗಳನ್ನು ಕರೆಸಿ, ಪಾಠವನ್ನು ಎಲ್ಲಿ ನಿಲ್ಲಿಸಬೇಕು, ಉತ್ತರಕ್ಕೆ ಷರಾ ಹೇಗೆ ಬರೆಯಬೇಕು ಎಂಬುದನ್ನು ಕೂತು ಅಭ್ಯಾಸ ಮಾಡಿಸಬೇಕು. ಅಧ್ಯಾಪಕರು ತಿದ್ದಿದ ನಾಲ್ಕು ಅಸೈನ್‌ಮೆಂಟ್ ತರಿಸಿ ಅವುಗಳ ಮೇಲೆ ಚರ್ಚೆ ನಡೆಸಿದರೆ ಹತ್ತು ಉಪನ್ಯಾಸಕ್ಕಿಂತ ಹೆಚ್ಚು ಫಲ ಸಿಗುತ್ತದೆ. ಇನ್ನೊಂದು ಮಾತು ಅತಿಥಿ ಉಪನ್ಯಾಸಕರದ್ದು. ನಮ್ಮ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಂದಿ ಹಾಗೆ ದುಡಿಯುತ್ತಿದ್ದಾರೆ. ಮೂರು ದಶಕಕ್ಕೂ ಹೆಚ್ಚು ಕಾಲದಿಂದ ಅಧ್ಯಾಪಕರ ತರಬೇತಿಯನ್ನು ಬಡ್ತಿಗೆ ಕಟ್ಟಿಹಾಕಿದ್ದೇವೆ, ಅವರಿಗೋ ಬಡ್ತಿಯ ಏಣಿಯೇ ಇಲ್ಲ. ಅವರು ತರಬೇತಿಗೆ ಕೂತ ಗಂಟೆಗಳನ್ನೂ, ವಿದ್ಯಾರ್ಥಿಯ ಉತ್ತರಕ್ಕೆ ಷರಾ ಬರೆಯುವ ಗಂಟೆಗಳನ್ನೂ ಕಾರ್ಯಭಾರವೆಂದು ಲೆಕ್ಕ ಹಿಡಿದು ಗೌರವಧನ ಕೊಡುವ ಆದೇಶವೊಂದು ಕಾಲೇಜು ಶಿಕ್ಷಣ ಇಲಾಖೆಯಿಂದ ಹೊರಡಬೇಕು.