‘ಮನೆಗೆ ಕರ್ಕೊಂಡು ಹೋಗಿ’ ಎಂದ ಮೇಲೆ

‘ಇನ್ನು ಕೀಮೋ ಕೊಟ್ಟು ಪ್ರಯೋಜನವಿಲ್ಲ. ಮನೆಗೆ ಕರ್ಕೊಂಡು ಹೋಗಿ, ಚೆನ್ನಾಗಿ ನೋಡ್ಕೊಳ್ಳಿ.’ ನಾಲ್ಕನೇ ಹಂತದ ಕ್ಯಾನ್ಸರ್ ಇರುವವರ ಗಂಡನಿಗೋ ಹೆಂಡತಿಗೋ ಒಂದಲ್ಲ ಒಂದು ದಿನ ಈ ಮಾತು ಕಿವಿಗೆ ಬೀಳುತ್ತದೆ. ಚೆನ್ನಾಗಿ ನೋಡಿಕೊಳ್ಳುವುದು ಎಂದರೆ ಏನೇನು ಮಾಡುವುದು ಎಂದು ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ. ಡಿಸ್ಚಾರ್ಜ್ ಹಾಳೆ ಹಿಡಿದು ಹೊರಡುವ ಮುಂಚೆ ಒಂದು ಮಾತು ಕೇಳಿಬಿಡಿ: ‘ಪ್ಯಾಲಿಯೇಟಿವ್ ಕೇರ್ ವಿಭಾಗಕ್ಕೆ ಬರೆದುಕೊಡಿ.’

ಪ್ಯಾಲಿಯೇಟಿವ್ ಕೇರ್ ಎಂದರೆ ರೋಗ ವಾಸಿಯಾಗದಿದ್ದರೂ ನೋವು, ವಾಂತಿ, ಉಬ್ಬಸ, ಭಯ ಇವನ್ನೆಲ್ಲ ಹತೋಟಿಯಲ್ಲಿಡುವ ವೈದ್ಯಕೀಯ. ಅದು ಕೊನೇ ವಾರಕ್ಕೆ ಮಾತ್ರ ಎಂಬ ನಂಬಿಕೆ ತಪ್ಪು. 2010ರಲ್ಲಿ ಬಾಸ್ಟನ್‌ನಿಂದ ಬಂದ ಅಧ್ಯಯನವೊಂದರಲ್ಲಿ, ಉಲ್ಬಣಿಸಿದ ಶ್ವಾಸಕೋಶದ ಕ್ಯಾನ್ಸರ್ ಇದ್ದವರಿಗೆ ಚಿಕಿತ್ಸೆಯ ಜೊತೆಜೊತೆಗೇ ಈ ಆರೈಕೆ ಸಿಕ್ಕಾಗ ಅವರು ನೆಮ್ಮದಿಯಾಗಿದ್ದರು. ಹೆಚ್ಚು ಕಾಲ ಬದುಕಿದ್ದೂ ಅವರೇ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ, ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಿ ಇದಕ್ಕೇ ಪ್ರತ್ಯೇಕ ವಿಭಾಗಗಳಿವೆ. ಬೆಂಗಳೂರಿನ ಕರುಣಾಶ್ರಯ ಕೊನೇ ಹಂತದ ಕ್ಯಾನ್ಸರ್ ರೋಗಿಗಳನ್ನು ಒಂದು ರೂಪಾಯಿಯನ್ನೂ ಪಡೆಯದೆ ನೋಡಿಕೊಳ್ಳುತ್ತದೆ. ಅವರ ತಂಡ ನಗರದಲ್ಲಿ ಮನೆಗಳಿಗೂ ಹೋಗುತ್ತದೆ.

ಮೊದಲ ಕೆಲಸ ನೋವು ನಿಲ್ಲಿಸುವುದು. ನೋವಿದ್ದಾಗ ಊಟ, ನಿದ್ದೆ, ಮಾತು, ದೇವರು ಯಾವುದೂ ಬೇಡವಾಗಿರುತ್ತದೆ. ತೀವ್ರ ನೋವಿಗೆ ಮಾರ್ಫಿನ್ ಬೇಕಾಗುತ್ತದೆ. ಹೆಸರು ಕೇಳಿದೊಡನೆ ‘ಅದು ಕೊಟ್ರೆ ಮುಗೀತು’, ‘ಚಟ ಹತ್ತುತ್ತೆ’ ಎಂದು ಬಂಧುಗಳು ಗಾಬರಿ ಬೀಳುತ್ತಾರೆ. ನನ್ನ ಮಟ್ಟಿಗೆ, ಈ ಭಯದಿಂದ ಆಗುವಷ್ಟು ಹಿಂಸೆ ಬೇರೆ ಯಾವ ಅಜ್ಞಾನದಿಂದಲೂ ಆಗುವುದಿಲ್ಲ. ವೈದ್ಯರು ಹೇಳಿದ ಪ್ರಮಾಣದಲ್ಲಿ ಬಾಯಿಯ ಮೂಲಕ ಕೊಡುವ ಮಾರ್ಫಿನ್ ಆಯುಸ್ಸನ್ನು ಕಡಿಮೆ ಮಾಡುವುದಿಲ್ಲ. ಕ್ಯಾನ್ಸರ್ ನೋವಿಗಾಗಿ ತೆಗೆದುಕೊಳ್ಳುವವರಲ್ಲಿ ಚಟ ಅಂಟುವುದು ಅಪರೂಪ.

ಮಾರ್ಫಿನ್‌ನ ಸಾಮಾನ್ಯ ಮಾತ್ರೆಯ ಪ್ರಭಾವ ಸುಮಾರು ನಾಲ್ಕು ಗಂಟೆ. ಆದ್ದರಿಂದ ನೋವು ಬಂದ ಮೇಲೆ ಕೊಡುವುದಲ್ಲ, ಗಡಿಯಾರ ನೋಡಿ ಕೊಡಬೇಕು: ಬೆಳಿಗ್ಗೆ ಆರು, ಹತ್ತು, ಮಧ್ಯಾಹ್ನ ಎರಡು, ಸಂಜೆ ಆರು, ರಾತ್ರಿ ಹತ್ತು. ನಡುರಾತ್ರಿ ಎಬ್ಬಿಸುವುದು ತಪ್ಪಲಿ ಎಂದು ರಾತ್ರಿ ಹತ್ತರ ಮಾತ್ರೆಯನ್ನು ಎರಡರಷ್ಟು ಮಾಡುವ ಪದ್ಧತಿಯೂ ಇದೆ. ಅದನ್ನು ವೈದ್ಯರೇ ಬರೆದುಕೊಡಬೇಕು. ನಡುವೆ ಇದ್ದಕ್ಕಿದ್ದಂತೆ ನೋವು ಎದ್ದರೆ ಹೆಚ್ಚುವರಿಯಾಗಿ ಎಷ್ಟು ಕೊಡಬಹುದು ಎಂಬುದನ್ನೂ ಮೊದಲೇ ಬರೆಸಿಕೊಳ್ಳಿ. ಶುರುವಿನ ಕೆಲವು ದಿನ ಮಂಪರು, ಓಕರಿಕೆ ಇರುತ್ತದೆ, ಆಮೇಲೆ ಇಳಿಯುತ್ತದೆ. ಮಲಬದ್ಧತೆ ಮಾತ್ರ ಇಳಿಯುವುದಿಲ್ಲ. ಹಾಗಾಗಿ ಮಾರ್ಫಿನ್ ಶುರುವಾದ ದಿನವೇ ಮಲ ಸಡಿಲಿಸುವ ಮಾತ್ರೆಯೂ ಶುರುವಾಗಬೇಕು. ಒಂದು ನೋಟ್‌ಬುಕ್‌ನಲ್ಲಿ ಮಾತ್ರೆ ಕೊಟ್ಟ ಸಮಯ, ಹತ್ತಕ್ಕೆ ನೋವು ಎಷ್ಟು, ಹೊಟ್ಟೆ ಸಾಫಾಯಿತೇ ಎಂದು ಬರೆದಿಡಿ. ವೈದ್ಯರು ಪ್ರಮಾಣ ಬದಲಿಸುವಾಗ ನೂರು ಪುಟದ ಕೇಸ್‌ಶೀಟಿಗಿಂತ ಇದೇ ಹೆಚ್ಚು ಕೆಲಸಕ್ಕೆ ಬರುತ್ತದೆ.

ಮಾರ್ಫಿನ್ ಬೀದಿಬದಿಯ ಮೆಡಿಕಲ್ ಸ್ಟೋರಿನಲ್ಲಿ ಸಿಗದಿರುವುದಕ್ಕೆ ಕಾರಣ 1985ರ ಮಾದಕ ವಸ್ತು ಕಾಯ್ದೆ. 2014ರ ತಿದ್ದುಪಡಿ ಬಂದ ಮೇಲೆ ಮಾನ್ಯತೆ ಪಡೆದ ಆಸ್ಪತ್ರೆಗಳು ಅದನ್ನು ಇಟ್ಟುಕೊಂಡು ಕೊಡುವುದು ಸಲೀಸಾಗಿದೆ. ನಿಮ್ಮ ಜಿಲ್ಲೆಯಲ್ಲಿ ಅದು ಎಲ್ಲಿ ಸಿಗುತ್ತದೆ ಎಂದು ನೋವು ಜೋರಾಗುವ ಮುಂಚೆಯೇ ವಿಚಾರಿಸಿಟ್ಟುಕೊಳ್ಳಿ. ದಾಸ್ತಾನು ಮುಗಿಯಲು ನಾಲ್ಕು ದಿನ ಇರುವಾಗಲೇ ಮತ್ತೆ ತನ್ನಿ.

ಮನೆಯಲ್ಲಿ ಜಗಳಕ್ಕೆ ಕಾರಣವಾಗುವುದು ಊಟ. ‘ಎರಡೇ ತುತ್ತು ತಿನ್ನಿ’ ಎಂದು ಗೋಗರೆಯುವುದು, ಅವರು ಮುಖ ತಿರುಗಿಸುವುದು, ಇವರು ಅಡುಗೆಮನೆಯಲ್ಲಿ ಅಳುವುದು. ಕೊನೇ ಹಂತದಲ್ಲಿ ದೇಹ ಸೊರಗುವುದು ಅನ್ನ ಸಾಲದೆ ಅಲ್ಲ. ರೋಗವೇ ದೇಹ ಅನ್ನವನ್ನು ಬಳಸಿಕೊಳ್ಳುವ ರೀತಿಯನ್ನು ಕೆಡಿಸಿರುತ್ತದೆ. ಬಲವಂತವಾಗಿ ತಿನ್ನಿಸಿದರೆ ಶಕ್ತಿ ಬರುವುದಿಲ್ಲ, ವಾಂತಿ ಬರುತ್ತದೆ. ಅವರು ಕೇಳಿದ್ದನ್ನು, ಕೇಳಿದಾಗ, ಚಿಕ್ಕ ಬಟ್ಟಲಲ್ಲಿ ಕೊಡಿ. ಉಪ್ಪಿನಕಾಯಿ ನೆಂಚಿಕೊಂಡು ಒಂದು ಚಮಚ ಮೊಸರನ್ನ ಸಾಕೆಂದರೆ ಅಷ್ಟೇ ಸಾಕು. ‘ಡ್ರಿಪ್ಪಾದ್ರೂ ಹಾಕ್ಸಿ’ ಎನ್ನುವವರಿಗೆ ತಿಳಿಸಿ: ಕೊನೇ ದಿನಗಳಲ್ಲಿ ಆ ನೀರು ಕಾಲಿಗೆ ಇಳಿದು ಬಾವು ತರಬಹುದು, ಎದೆಯಲ್ಲಿ ತುಂಬಿ ಉಸಿರನ್ನು ಕಷ್ಟ ಮಾಡಬಹುದು. ಅವರಿಗೆ ಬೇಕಿರುವುದು ಬಾಯಿ ಒಣಗದಿರುವುದು. ಶುಚಿಯಾದ ಹತ್ತಿಬಟ್ಟೆಯನ್ನು ಬೆರಳಿಗೆ ಸುತ್ತಿ, ಚಿಟಿಕೆ ಅಡುಗೆ ಸೋಡಾ ಬೆರೆಸಿದ ನೀರಲ್ಲಿ ಅದ್ದಿ ಹಿಂಡಿ, ಕೆನ್ನೆಯ ಒಳಭಾಗ, ನಾಲಗೆ, ಒಸಡು ಒರೆಸಿ. ತುಟಿಗೆ ವ್ಯಾಸಲೀನ್ ಸವರಿ.

ಹಾಸಿಗೆ ಹಿಡಿದವರನ್ನು ಎರಡೆರಡು ಗಂಟೆಗೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ಎಳೆದರೆ ಚರ್ಮ ಸುಲಿಯುತ್ತದೆ. ಹಳೆಯ ಕಾಟನ್ ಸೀರೆಯೊಂದನ್ನು ಮಡಿಸಿ ಭುಜದಿಂದ ತೊಡೆಯವರೆಗೆ ಅಡಿಯಲ್ಲಿ ಹಾಸಿ, ಇಬ್ಬರು ಎರಡು ಕಡೆ ಹಿಡಿದು ಎತ್ತಿ ಸರಿಸಿ.

‘ಅವರಿಗೆ ಗೊತ್ತಾಗೋದು ಬೇಡ’ ಎಂಬ ಒಪ್ಪಂದ ನಮ್ಮ ಮನೆಗಳಲ್ಲಿ ಸಾಮಾನ್ಯ. ರೋಗಿಗೆ ಬಹುತೇಕ ಗೊತ್ತಿರುತ್ತದೆ. ಗಂಡ ಹೆಂಡತಿಗಾಗಿ, ಹೆಂಡತಿ ಗಂಡನಿಗಾಗಿ ನಟಿಸುತ್ತ ಕೊನೆಯ ಮಾತುಗಳೇ ಉಳಿದುಹೋಗುತ್ತವೆ. ಸತ್ಯವನ್ನು ಒಮ್ಮೆಲೇ ಮುಂದಿಡಬೇಕಿಲ್ಲ. ‘ಡಾಕ್ಟ್ರು ಏನಂದ್ರು ಅಂತ ತಿಳ್ಕೋಬೇಕು ಅನಿಸುತ್ತಾ?’ ಎಂದು ಕೇಳಿ. ಎಷ್ಟು ತಿಳಿಯಬೇಕೆಂದು ಅವರೇ ಹೇಳುತ್ತಾರೆ. ಐಸಿಯು, ವೆಂಟಿಲೇಟರ್ ಬೇಕೋ ಬೇಡವೋ ಎಂಬುದೂ ಆಗಲೇ ತಿಳಿಯುತ್ತದೆ. ಅದನ್ನು ಬರೆದಿಡಲು ಸುಪ್ರೀಂ ಕೋರ್ಟಿನ 2018ರ ತೀರ್ಪು ಅವಕಾಶ ಕೊಟ್ಟಿದೆ. 2023ರಲ್ಲಿ ಸರಳಗೊಂಡ ನಿಯಮದಂತೆ ಇಬ್ಬರು ಸಾಕ್ಷಿಗಳು, ಜೊತೆಗೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಸಾಕು. ಅದನ್ನು ಜಾರಿಗೆ ತರಲು ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಆದೇಶ ಹೊರಡಿಸಿದೆ.

ಅವರ ಕೈ ಆಡುತ್ತಿರುವಾಗಲೇ ಬ್ಯಾಂಕ್ ನಾಮಿನಿ, ಜಂಟಿ ಖಾತೆ, ಪಿಂಚಣಿ ಕಾಗದ ಸರಿಪಡಿಸಿ. ಉಯಿಲಿಗೆ ಛಾಪಾ ಕಾಗದ ಬೇಡ, ನೋಂದಣಿ ಕಡ್ಡಾಯವಲ್ಲ, ಇಬ್ಬರು ಸಾಕ್ಷಿಗಳು ಬೇಕು. ಆಸ್ತಿ ಪಡೆಯುವವರೇ ಸಾಕ್ಷಿಯಾಗದಿರುವುದು ಕ್ಷೇಮ.

ಕೊನೇ ದಿನಗಳಲ್ಲಿ ನಿದ್ದೆ ಹೆಚ್ಚುತ್ತದೆ, ಕೈಕಾಲು ತಣ್ಣಗಾಗುತ್ತವೆ, ಉಸಿರು ನಿಂತು ನಿಂತು ಬರುತ್ತದೆ. ಗಂಟಲಲ್ಲಿ ಗೊರಗೊರ ಸದ್ದು ಕೇಳಿಸಬಹುದು. ಪಕ್ಕದಲ್ಲಿ ಕೂತವರಿಗೆ ಅದು ಭಯಾನಕ, ಪ್ರಜ್ಞೆ ತಪ್ಪಿದವರಿಗೆ ಅದರಿಂದ ಹಿಂಸೆಯಿಲ್ಲ ಎನ್ನುತ್ತಾರೆ ವೈದ್ಯರು. ಒಂದು ಮಗ್ಗುಲಿಗೆ ಮಲಗಿಸಿ, ಪ್ಯಾಲಿಯೇಟಿವ್ ಕೇರ್ ತಂಡಕ್ಕೆ ಫೋನ್ ಮಾಡಿ. ಆಸ್ಪತ್ರೆಗೆ ಹೊತ್ತೊಯ್ಯುವ ಅಗತ್ಯ ಬಹಳ ಸಲ ಇರುವುದಿಲ್ಲ. ಸಾವು ಮನೆಯಲ್ಲಿ ಆದರೆ ಕಾರಣದ ಪ್ರಮಾಣಪತ್ರ ಯಾವ ವೈದ್ಯರು ಬರೆದುಕೊಡುತ್ತಾರೆಂದು ಮೊದಲೇ ಮಾತಾಡಿಟ್ಟಿರಿ. ಶುಲ್ಕವಿಲ್ಲದೆ ಮರಣ ನೋಂದಾಯಿಸಲು 21 ದಿನದ ಗಡುವಿದೆ.

ನೋಡಲು ಬರುವ ಬಂಧುಗಳಲ್ಲಿ ಒಂದು ವಿನಂತಿ. ಹಣ್ಣು, ಹಾರ್ಲಿಕ್ಸ್, ಯಾರದೋ ನಾಟಿ ಔಷಧಿಯ ವಿಳಾಸ ತರಬೇಡಿ. ಆರೈಕೆ ಮಾಡುತ್ತಿರುವವರು ತಿಂಗಳಿಂದ ಪೂರ್ತಿ ನಿದ್ದೆ ಕಂಡಿರುವುದಿಲ್ಲ, ತಮ್ಮದೇ ಬಿಪಿ ಮಾತ್ರೆ ಮರೆತಿರುತ್ತಾರೆ. ಒಂದು ರಾತ್ರಿ ಅಲ್ಲೇ ಉಳಿದು, ಆರು ಗಂಟೆಯ ಮಾತ್ರೆ ನೀವು ಕೊಟ್ಟು, ಅವರನ್ನು ಮಲಗಲು ಬಿಡಿ.