ಮೇಣದ ಉರುಳೆಯೂ ಸೇನೆಯ ಬ್ಯಾಂಡೂ

ಪಿಸುಮಾತನ್ನೂ ಹಿಡಿದಿಡಬಲ್ಲ ಮೈಕ್ರೊಫೋನು ಇಂದು ಎಲ್ಲರಿಗೂ ಪರಿಚಿತ. ಆದರೆ ೧೮೭೭ರಲ್ಲಿ ಎಡಿಸನ್ನನು ಫೋನೋಗ್ರಾಫನ್ನು ನಿರ್ಮಿಸಿದ ಮೇಲೆ ಸುಮಾರು ಐವತ್ತು ವರ್ಷಗಳ ಕಾಲ ಸಂಗೀತದ ಮುದ್ರಣವು ಬಹುಮಟ್ಟಿಗೆ ಮೈಕ್ರೊಫೋನಿಲ್ಲದೆಯೇ ನಡೆಯಿತು. ಆಗ ಯಂತ್ರಕ್ಕೆ ಚೆನ್ನಾಗಿ ಒಗ್ಗಿದ್ದು ಸೇನೆಯ ಬ್ಯಾಂಡು. ಇದರ ಕಾರಣವನ್ನು ಅಮೆರಿಕದ ಬ್ಯಾಂಡ್ ನಾಯಕ ಜಾನ್ ಫಿಲಿಪ್ ಸೂಸಾನ ವೃತ್ತಿಜೀವನದೊಡನೆ ನೋಡೋಣ.

ಸೂಸಾ ೧೮೫೪ರಲ್ಲಿ ವಾಷಿಂಗ್ಟನ್ ನಗರದಲ್ಲಿ ಜನಿಸಿದನು. ತಂದೆ ಮರೀನ್ ಪಡೆಯ ಬ್ಯಾಂಡಿನಲ್ಲಿ ಟ್ರಾಂಬೋನ್ ವಾದಕ. ಹದಿಮೂರನೆಯ ವಯಸ್ಸಿನಲ್ಲಿ ಮಗನೂ ಅಲ್ಲಿಗೇ ಅಭ್ಯಾಸಿಯಾಗಿ ಸೇರಿ, ೧೮೮೦ರಲ್ಲಿ ಅದರ ನಾಯಕನಾದನು. ೧೮೯೦ರಲ್ಲಿ ಕೊಲಂಬಿಯ ಫೋನೋಗ್ರಾಫ್ ಕಂಪನಿಯು ಈ ಬ್ಯಾಂಡಿನ ವಾದನವನ್ನು ಮೇಣದ ಉರುಳೆಗಳ ಮೇಲೆ ಮುದ್ರಿಸತೊಡಗಿತು.

ಆಗಿನ ಯಂತ್ರದ ರಚನೆ ಸರಳ. ಒಂದು ದೊಡ್ಡ ಕಹಳೆ; ಅದರ ಕಿರಿದಾದ ತುದಿಯಲ್ಲಿ ತೆಳುವಾದ ಪೊರೆ; ಪೊರೆಗೆ ಜೋಡಿಸಿದ ಮೊನೆ; ಮೊನೆಯ ಕೆಳಗೆ ತಿರುಗುವ ಉರುಳೆ. ಮೊನೆಯನ್ನು ಕಂಪಿಸುವ ಶಕ್ತಿಯೆಲ್ಲವೂ ವಾದ್ಯದಿಂದಲೇ ಬರಬೇಕಾಗಿತ್ತು. ಅದನ್ನು ವರ್ಧಿಸುವ ಏರ್ಪಾಡು ಇರಲಿಲ್ಲ. ಶಬ್ದದ ತೀವ್ರತೆಯಾದರೋ ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುತ್ತದೆ. ಎರಡಡಿ ದೂರದ ವಾದಕನು ನಾಲ್ಕಡಿಗೆ ಸರಿದರೆ ತೀವ್ರತೆಯು ಸುಮಾರು ಕಾಲುಭಾಗಕ್ಕೆ ಇಳಿಯುವುದು. ಪಿಟೀಲಿನ ಮೆಲುದನಿ ಇಲ್ಲಿ ಸೋಲುತ್ತಿತ್ತು. ಬ್ಯಾಂಡಿನ ಹಿತ್ತಾಳೆಯ ವಾದ್ಯಗಳೋ ಗಟ್ಟಿದನಿಯನ್ನು ಒಂದೇ ದಿಕ್ಕಿಗೆ ಹಾಯಿಸುತ್ತವೆ. ವಾದಕರನ್ನು ಮುಂದೆ ಹಿಂದೆ ನಿಲ್ಲಿಸಿ ದನಿಗಳನ್ನು ಸರಿತೂಗಿಸುವುದೇ ಅಂದಿನ ಧ್ವನಿತಜ್ಞನ ವಿದ್ಯೆ.

ಇನ್ನೊಂದು ತೊಡಕಿತ್ತು. ಸೆಕೆಂಡಿಗೆ ಸುಮಾರು ೨೫೦ರಿಂದ ೨,೫೦೦ರವರೆಗಿನ ಕಂಪನಗಳನ್ನು ಮಾತ್ರ ಈ ಯಂತ್ರವು ತಕ್ಕಮಟ್ಟಿಗೆ ಗ್ರಹಿಸುತ್ತಿತ್ತು. ಹಾಗಾದರೆ ಟ್ಯೂಬಾ ವಾದ್ಯದ ಮಂದ್ರಸ್ವರವು ಕೇಳಿಸಿದ್ದು ಹೇಗೆ? ಸೆಕೆಂಡಿಗೆ ೧೦೦ ಕಂಪನಗಳ ಸ್ವರವೊಂದನ್ನು ನುಡಿಸಿದರೆ ಅದರೊಡನೆ ೨೦೦, ೩೦೦, ೪೦೦, ೫೦೦ ಕಂಪನಗಳ ಉಪಸ್ವರಗಳೂ ಹೊರಡುತ್ತವೆ. ಮೂಲಸ್ವರವು ಅಳಿಸಿಹೋದರೂ ೩೦೦, ೪೦೦, ೫೦೦ ಉಳಿದರೆ ಸಾಕು. ಅವು ನೂರು ನೂರರ ಅಂತರದಲ್ಲಿರುವುದರಿಂದ ನಮ್ಮ ಶ್ರವಣವು ಇಲ್ಲದ ಮೂಲಸ್ವರವನ್ನೇ ಕೇಳಿದಂತೆ ಭಾವಿಸುತ್ತದೆ!

ಆಗ ಉರುಳೆಗಳಿಗೆ ಅಚ್ಚು ತೆಗೆದು ಪ್ರತಿ ಮಾಡುವ ವಿಧಾನವು ಬಳಕೆಗೆ ಬಂದಿರಲಿಲ್ಲ. ಹಲವು ಯಂತ್ರಗಳನ್ನು ಎದುರಿಗಿಟ್ಟು ಒಂದೇ ಕೃತಿಯನ್ನು ಮತ್ತೆ ಮತ್ತೆ ನುಡಿಸಬೇಕಾಗಿತ್ತು. ಆದರೂ ೧೮೯೭ರ ವೇಳೆಗೆ ಮರೀನ್ ಬ್ಯಾಂಡಿನ ನಾನೂರಕ್ಕೂ ಹೆಚ್ಚು ಮುದ್ರಣಗಳು ಮಾರಾಟಕ್ಕಿದ್ದುವು.

ಸೂಸಾನಿಗೆ ಮಾತ್ರ ಇದು ಹಿಡಿಸಲಿಲ್ಲ. ೧೮೯೨ರಲ್ಲಿ ಅವನು ಮರೀನ್ ಪಡೆಯನ್ನು ಬಿಟ್ಟು ಸ್ವಂತ ಬ್ಯಾಂಡನ್ನು ಕಟ್ಟಿದನು. ಅದರ ಮುದ್ರಣಗಳನ್ನು ಬಹುಪಾಲು ಆರ್ಥರ್ ಪ್ರಯರ್ ಮೊದಲಾದ ಇತರರೇ ನಡೆಸಿದರು. ೧೯೦೬ರಲ್ಲಿ ಬರೆದ ಲೇಖನವೊಂದರಲ್ಲಿ ಅವನು ಯಂತ್ರಸಂಗೀತವನ್ನು ಖಂಡಿಸಿದನು. ಯಂತ್ರವೇ ಹಾಡುವಾಗ ಮಕ್ಕಳು ವಾದ್ಯವನ್ನು ಕಲಿಯುವ ಶ್ರಮವನ್ನೇಕೆ ವಹಿಸಿಯಾರು ಎಂಬುದು ಒಂದು ಕಳವಳ. ರಚನೆಕಾರನಿಗೆ ಕಾಸೂ ದೊರೆಯುವುದಿಲ್ಲವೆಂಬುದು ಇನ್ನೊಂದು. ಎರಡನೆಯದಕ್ಕೆ ೧೯೦೯ರ ಅಮೆರಿಕದ ಕಾನೂನು ಪರಿಹಾರವನ್ನೊದಗಿಸಿತು: ಪ್ರತಿಯೊಂದಕ್ಕೆ ಎರಡು ಸೆಂಟುಗಳ ಗೌರವಧನ.

೧೯೨೫ರಲ್ಲಿ ವಿದ್ಯುತ್ ಮುದ್ರಣವು ಮಾರುಕಟ್ಟೆಗೆ ಬಂದಿತು. ಮೈಕ್ರೊಫೋನು ಕಂಪನಗಳನ್ನು ವಿದ್ಯುತ್ ಪ್ರವಾಹವಾಗಿ ಮಾರ್ಪಡಿಸಿತು. ನಿರ್ವಾತ ನಳಿಗೆಯು ಅದನ್ನು ವರ್ಧಿಸಿತು. ಮೊನೆಯನ್ನು ನಡೆಸಲು ವಾದಕನ ಉಸಿರನ್ನೇ ನೆಚ್ಚಬೇಕಾದ ಕಾಲ ಮುಗಿಯಿತು. ಪಿಟೀಲಿಗೂ ನ್ಯಾಯ ದೊರೆಯಿತು. ಸೂಸಾ ೧೯೩೨ರಲ್ಲಿ ತೀರಿಕೊಂಡನು.

ಇಂದು ಅದೇ ಮರೀನ್ ಬ್ಯಾಂಡಿನಲ್ಲಿ ವಾದಕರ ಜೊತೆಗೆ ಸಮವಸ್ತ್ರ ಧರಿಸಿದ ಧ್ವನಿತಜ್ಞರೂ ಇದ್ದಾರೆ. ೨೦೧೫ರಿಂದ ಆ ಬ್ಯಾಂಡು ಸೂಸಾನ ಮಾರ್ಚುಗಳನ್ನು ಅನುಕ್ರಮವಾಗಿ ಮುದ್ರಿಸಿ ಉಚಿತವಾಗಿ ಹಂಚುತ್ತಾ ಬಂದಿದೆ; ಧ್ವನಿಯೊಡನೆ ಸ್ವರಲಿಪಿಯನ್ನೂ ಕೊಡುತ್ತಿದೆ. ಯಾವ ಯಂತ್ರವನ್ನು ಅವನು ಶಂಕಿಸಿದನೋ ಅದೇ ಯಂತ್ರವು ಇಂದು ಅವನ ಸಂಗೀತವನ್ನು ಕಲಿಯುವ ಮಕ್ಕಳ ಮನೆಬಾಗಿಲಿಗೆ ಒಯ್ಯುತ್ತಿದೆ. ಕೇಳಿ ಸುಮ್ಮನಾಗುವುದೋ, ಸ್ವರಲಿಪಿಯನ್ನು ಮುಂದಿಟ್ಟುಕೊಂಡು ವಾದ್ಯವನ್ನು ಕೈಗೆತ್ತಿಕೊಳ್ಳುವುದೋ ಎಂಬ ಅವನ ಮೊದಲನೆಯ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಮಾತ್ರ ನಾವೇ.