ನಗರಕೇಂದ್ರದ ವಸತಿ ಯೋಜನೆಯಲ್ಲಿ ನಿವಾಸಿಗಳ ಪಾಲು: ಹೊಸೂರು–ಸಾನಮಾವು ಪರಿಸರದಿಂದ ಕೆಲವು ವಿಚಾರಗಳು

ನಗರ ಯೋಜನೆಯ ಕರಡನ್ನು ಹೊರಡಿಸಿ, ಅದರ ಮೇಲೆ ಆಕ್ಷೇಪಣೆ ಮತ್ತು ಸಲಹೆಗಳನ್ನು ಕೋರುವ ಸರಕಾರಿ ಪ್ರಕಟಣೆಯನ್ನು ನಾವು ಸಾಮಾನ್ಯವಾಗಿ ಕಾನೂನಿನ ಒಂದು ಕ್ರಮವೆಂದಷ್ಟೇ ಭಾವಿಸುತ್ತೇವೆ. ಅದು ಭಾಷೆಯಲ್ಲಿ ರಚಿತವಾದ ಒಂದು ಪಠ್ಯವೂ ಹೌದು. ಆ ಪಠ್ಯವನ್ನು ಯಾರು ಓದಬಲ್ಲರು, ಓದಿದವರು ತಮ್ಮ ಮಾತನ್ನು ಯಾವ ಭಾಷೆಯಲ್ಲಿ ಸಲ್ಲಿಸಬಲ್ಲರು, ಸಲ್ಲಿಸಿದ ಮಾತಿಗೆ ಉತ್ತರ ಯಾವ ಭಾಷೆಯಲ್ಲಿ ಬರುತ್ತದೆ ಎಂಬುವು ಮೂರು ಬೇರೆ ಬೇರೆ ಪ್ರಶ್ನೆಗಳು. ಕನ್ನಡ, ತೆಲುಗು, ತಮಿಳುಗಳು ಒಂದೇ ಬೀದಿಯಲ್ಲಿ ಕೇಳಿಬರುವ ಹೊಸೂರು ಸೀಮೆಯಲ್ಲಿ ಈ ಮೂರಕ್ಕೂ ಉತ್ತರ ದೊರೆಯದೆ ವಸತಿ ಯೋಜನೆಯಲ್ಲಿ ನಿವಾಸಿಗಳು ಪಾಲ್ಗೊಂಡರು ಎಂದು ಹೇಳಲಾಗದು. ಈ ಲೇಖನವು ಆ ಮೂರು ಪ್ರಶ್ನೆಗಳನ್ನು ಒಂದೊಂದಾಗಿ ಪರಿಶೀಲಿಸುತ್ತದೆ.

ಕೇಂದ್ರಕ್ಕೂ ಅಂಚಿಗೂ ಇರುವ ನಂಟು

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಹೊಸೂರು ಮದರಾಸು ರಾಜ್ಯದಲ್ಲಿಯೇ ಉಳಿಯಿತು. ಸೇಲಂ ಜಿಲ್ಲೆಗೆ ಸೇರಿದ್ದ ಈ ಪ್ರದೇಶವು 1965ರಲ್ಲಿ ಧರ್ಮಪುರಿ ಜಿಲ್ಲೆಗೆ, 2004ರಲ್ಲಿ ಕೃಷ್ಣಗಿರಿ ಜಿಲ್ಲೆಗೆ ಸೇರ್ಪಡೆಯಾಯಿತು. 1970ರ ದಶಕದಲ್ಲಿ ಸಿಪ್ಕಾಟ್ ಕೈಗಾರಿಕಾ ಪ್ರದೇಶ ತಲೆಯೆತ್ತಿದ ಮೇಲೆ ಊರು ಬೆಳೆಯತೊಡಗಿ, 2019ರಲ್ಲಿ ಮಹಾನಗರಪಾಲಿಕೆಯಾಯಿತು. ಪೇಟೆಯ ಹಳೆಯ ಓಣಿಗಳು, ಹುಡ್ಕೊ ಹೆಸರಿನ ಬಡಾವಣೆಗಳು, ಕಾರ್ಖಾನೆಯ ಹೆಣ್ಣುಮಕ್ಕಳು ಕೂಡಿ ಬಾಡಿಗೆಗೆ ಹಿಡಿದ ಕೋಣೆಗಳು, ಹೊಸ ಬಹುಮಹಡಿ ಮನೆಗಳು ಈಗ ಅಲ್ಲಿ ಒತ್ತೊತ್ತಾಗಿ ನಿಂತಿವೆ.

ಹೊಸೂರಿನಿಂದ ರಾಯಕೋಟೆಯ ದಿಕ್ಕಿನಲ್ಲಿರುವ ಸಾನಮಾವಿನ ಚಿತ್ರ ಬೇರೆ. ಅಲ್ಲಿಯ ಕಾಯ್ದಿಟ್ಟ ಅರಣ್ಯಕ್ಕೆ ಚಳಿಗಾಲದ ತಿಂಗಳುಗಳಲ್ಲಿ ಬನ್ನೇರುಘಟ್ಟ, ಜವಳಗಿರಿ ಕಾಡುಗಳ ಕಡೆಯಿಂದ ಆನೆಗಳ ಹಿಂಡು ಬಂದು ತಂಗುತ್ತದೆ. ಅದು ರಾಗಿ ತೆನೆಗಟ್ಟಿ ಕೊಯ್ಲಿಗೆ ಬರುವ ಕಾಲವೂ ಆಗಿರುವುದರಿಂದ ಹೊಲ ಕಾಯುವುದು ರೈತರಿಗೆ ಪ್ರತಿವರ್ಷದ ಕಷ್ಟ.

ಪೇಟೆಯ ನಡುವಿನ ವಸತಿಗೂ ಈ ಊರಿಗೂ ಏನು ಸಂಬಂಧ ಎಂದು ಕೇಳಬಹುದು. ದುಡಿಯುವವರಿಗೆ ಕೈಗೆಟಕುವ ಬಾಡಿಗೆಯ ಮನೆ ನಗರಕೇಂದ್ರದಲ್ಲಿ ಸಿಗದಿದ್ದರೆ ವಸತಿಯು ರಸ್ತೆಗಳ ಗುಂಟ ಹೊರಕ್ಕೆ ಹರಿಯುತ್ತದೆ. ರಾಗಿಯ ಹೊಲ ನಿವೇಶನಗಳಾಗುತ್ತದೆ, ಆನೆ ನಡೆಯುವ ದಾರಿಯಲ್ಲಿ ಬೇಲಿ ಏಳುತ್ತದೆ, ಉಳಿದ ಹೊಲಗಳ ಮೇಲೆ ಆನೆಯ ಕಾಟ ಇಮ್ಮಡಿಸುತ್ತದೆ. ಕೇಂದ್ರದಲ್ಲಿ ಎಷ್ಟು ಮನೆಗಳು, ಯಾರಿಗಾಗಿ, ಯಾವ ಬಾಡಿಗೆಗೆ ಎಂಬ ತೀರ್ಮಾನದ ಫಲವನ್ನು ಸಾನಮಾವಿನಂಥ ಊರು ಉಣ್ಣುತ್ತದೆ. ಹೀಗಿರುವಾಗ ಕೇಂದ್ರದ ವಸತಿ ಯೋಜನೆಯಲ್ಲಿ ಮಾತಾಡುವ ಹಕ್ಕು ಪಾಲಿಕೆಯ ಎಲ್ಲೆಯ ಒಳಗಿನವರಿಗೆ ಮಾತ್ರ ಸೀಮಿತವಾಗಬಾರದು.

ಇಲ್ಲಿ ಪರಿಭಾಷೆಯ ತೊಡಕೊಂದನ್ನು ಗಮನಿಸಬೇಕು. ಯೋಜನೆಯಿಂದ ಲಾಭವೋ ನಷ್ಟವೋ ತಟ್ಟುವ ಎಲ್ಲರನ್ನೂ ಸೂಚಿಸುವ ಒಂದು ಪದ ಕನ್ನಡದಲ್ಲಿ ಇನ್ನೂ ನೆಲೆಗೊಂಡಿಲ್ಲ. ‘ಪಾಲುದಾರ’ ಎಂದರೆ ವ್ಯಾಪಾರದಲ್ಲಿ ಹಣ ಹೂಡಿದವನೆಂಬ ಅರ್ಥ ಮುಂದಾಗುತ್ತದೆ. ‘ಹಿತಾಸಕ್ತರು’ ಎಂಬುದಕ್ಕೆ ಪಟ್ಟಭದ್ರ ಹಿತಾಸಕ್ತಿಯ ಕಳಂಕ ಅಂಟಿದೆ. ‘ಹಕ್ಕುದಾರ’ ಎಂದರೆ ಪತ್ರ ಉಳ್ಳವನು. ‘ಬಾಧಿತರು’ ಎಂದರೆ ಹಾನಿ ಆದ ಮೇಲಿನ ಹೆಸರು. ಯಾವ ಪದವನ್ನು ಆರಿಸುತ್ತೇವೆಯೋ ಅದು ಸಭೆಗೆ ಯಾರನ್ನು ಕರೆಯಬೇಕೆಂಬುದನ್ನೂ ಸೂಚಿಸಿಬಿಡುತ್ತದೆ. ಈ ಲೇಖನದಲ್ಲಿ ‘ಸಂಬಂಧಪಟ್ಟವರು’ ಎಂಬ ಸರಳ ಪದವನ್ನೇ ಬಳಸಲಾಗಿದೆ.

ಕಾನೂನು ಕೊಟ್ಟಿರುವ ಅವಕಾಶ

1971ರ ತಮಿಳುನಾಡು ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ, ಮಹಾಯೋಜನೆಯ ಕರಡು ಸಿದ್ಧವಾದುದನ್ನು ಸರಕಾರಿ ಗೆಜೆಟ್‌ನಲ್ಲಿಯೂ ದಿನಪತ್ರಿಕೆಗಳಲ್ಲಿಯೂ ಪ್ರಕಟಿಸಿ ಆಕ್ಷೇಪಣೆಗಳನ್ನು ಲಿಖಿತವಾಗಿ ಆಹ್ವಾನಿಸಬೇಕು. ಇದಕ್ಕೆ ಕೊಡುವ ಕಾಲಾವಕಾಶ ಎರಡು ತಿಂಗಳಿಗಿಂತ ಕಡಿಮೆಯಿರಬಾರದು. ಸಂವಿಧಾನದ 74ನೆಯ ತಿದ್ದುಪಡಿಯು ಮೂರು ಲಕ್ಷ ಮತ್ತು ಅದಕ್ಕೆ ಮೇಲ್ಪಟ್ಟ ಜನಸಂಖ್ಯೆಯ ನಗರಗಳಿಗೆ ವಾರ್ಡ್ ಸಮಿತಿಗಳನ್ನು ವಿಧಿಸಿದೆ. ತಮಿಳುನಾಡಿನಲ್ಲಿ ವಾರ್ಡ್ ಸಮಿತಿಗೂ ಕೆಳಗಿನ ಮಟ್ಟದಲ್ಲಿ ಪ್ರದೇಶ ಸಭೆಗಳು, ಅಂದರೆ ತಮಿಳಿನ ‘ಪಗುದಿ ಸಭಾ’ಗಳು, 2022ರ ನವೆಂಬರ್ 1ರಂದು ಮೊದಲ ಬಾರಿಗೆ ಸೇರಿದವು. ಹಳ್ಳಿಗೆ ಗ್ರಾಮಸಭೆ ಇರುವಂತೆ ಪೇಟೆಯ ಬೀದಿಗೂ ಒಂದು ಸಭೆ ದೊರೆತಂತಾಯಿತು.

ಈ ಎರಡು ವ್ಯವಸ್ಥೆಗಳು ಪರಸ್ಪರ ಬೆಸೆದುಕೊಂಡಿಲ್ಲ ಎಂಬುದು ಮುಖ್ಯ ಕೊರತೆ. ಮಹಾಯೋಜನೆ ಲಿಖಿತ ಆಕ್ಷೇಪಣೆಯನ್ನು ಕೇಳುತ್ತದೆ. ಪ್ರದೇಶ ಸಭೆಯಲ್ಲಿ ಜನ ಬಾಯಿಮಾತಿನಲ್ಲಿ ಹೇಳುತ್ತಾರೆ, ಅದೂ ಬಹುಮಟ್ಟಿಗೆ ಚರಂಡಿ, ಬೀದಿದೀಪ, ಕುಡಿಯುವ ನೀರಿನ ಬಗೆಗೆ. ಆ ಸಭೆಯಲ್ಲಿ ಕರಡು ಯೋಜನೆಯ ನಕ್ಷೆಯನ್ನು ಹರವಿ, ಅಲ್ಲಿ ಕೇಳಿಬಂದ ಮಾತನ್ನು ಆಕ್ಷೇಪಣೆಯೆಂದೇ ಬರೆದುಕೊಂಡರೆ ಹೊಸ ಕಾನೂನಿನ ಅಗತ್ಯವಿಲ್ಲದೆಯೇ ಅರ್ಧ ಕೆಲಸ ಮುಗಿಯುತ್ತದೆ.

ತಿಳಿಯುವ ಭಾಷೆ

ಭಾಷಾ ಅಲ್ಪಸಂಖ್ಯಾತರ ರಕ್ಷಣೆಗಾಗಿ 1956ರ ಕೇಂದ್ರ ಸರಕಾರದ ಜ್ಞಾಪನಾಪತ್ರ ಮತ್ತು 1961ರ ಮುಖ್ಯಮಂತ್ರಿಗಳ ಸಮ್ಮೇಳನದಿಂದ ರೂಪುಗೊಂಡ ವ್ಯವಸ್ಥೆಯಲ್ಲಿ ಒಂದು ಅಳತೆಗೋಲಿದೆ. ಜಿಲ್ಲೆ, ತಾಲೂಕು ಅಥವಾ ಪುರಸಭೆಯ ಜನಸಂಖ್ಯೆಯಲ್ಲಿ ಶೇ. 15ರಷ್ಟು ಅಥವಾ ಅದಕ್ಕಿಂತ ಹೆಚ್ಚು ಮಂದಿ ಆಡುವ ಭಾಷೆಗೆ ಮುಖ್ಯ ನಿಯಮ ಮತ್ತು ಪ್ರಕಟಣೆಗಳನ್ನು ಅನುವಾದಿಸಿ ಪ್ರಕಟಿಸಬೇಕು. ಇದು ಸರಕಾರಗಳು ಒಪ್ಪಿಕೊಂಡ ಹೊಣೆ. ಶಾಸನದ ಬಲ ಇದಕ್ಕಿಲ್ಲ. ಜನರ ಮನೆಮಠಗಳ ಗತಿಯನ್ನು ತೀರ್ಮಾನಿಸುವ ಮಹಾಯೋಜನೆಯ ಪ್ರಕಟಣೆಗಿಂತ ಮುಖ್ಯವಾದ ಪ್ರಕಟಣೆ ಬೇರೆ ಯಾವುದಿದ್ದೀತು?

ಆದರೆ ಈ ಅಳತೆಗೋಲಿನಲ್ಲೇ ಒಂದು ವಿರೋಧವಿದೆ. ನಗರ ಬೆಳೆದು ಹೊರಗಿನ ಜನ ಬಂದು ಸೇರಿದಂತೆ ಮೂಲನಿವಾಸಿಗಳ ಭಾಷೆಯ ಶೇಕಡಾ ಪ್ರಮಾಣ ಕುಗ್ಗುತ್ತದೆ, ಅವರ ಸಂಖ್ಯೆ ಒಬ್ಬರಷ್ಟೂ ಕಡಿಮೆಯಾಗದಿದ್ದರೂ. ಯೋಜನೆಯ ಅಗತ್ಯವನ್ನು ಹುಟ್ಟಿಸುವ ಬೆಳವಣಿಗೆಯೇ ಯೋಜನೆಯನ್ನು ತಮ್ಮ ಭಾಷೆಯಲ್ಲಿ ಓದುವ ಅವಕಾಶವನ್ನು ಕಸಿಯುತ್ತದೆ. ಆದ್ದರಿಂದ ವಸತಿ ಯೋಜನೆಯ ಮಟ್ಟಿಗೆ ಎಣಿಕೆಯ ಘಟಕ ಇಡೀ ನಗರವಾಗದೆ ವಾರ್ಡ್ ಮತ್ತು ಗ್ರಾಮ ಆಗಬೇಕು. ಹತ್ತು ವಾರ್ಡುಗಳಲ್ಲಿ ಒತ್ತಾಗಿರುವ ಭಾಷಿಕರು ನಗರದ ಸರಾಸರಿಯಲ್ಲಿ ಮಾಯವಾಗಿಬಿಡಬಾರದು.

ಪ್ರಕಟಣೆಯ ಭಾಷೆ ನ್ಯಾಯಾಲಯದ ವಿಷಯವಾಗಬಲ್ಲದೆಂಬುದಕ್ಕೆ 2020ರ ಪರಿಸರ ಪ್ರಭಾವ ಮೌಲ್ಯಮಾಪನ ಕರಡು ಅಧಿಸೂಚನೆ ನಿದರ್ಶನ. ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಹೊರಟಿದ್ದ ಆ ಕರಡನ್ನು ಎಂಟನೆಯ ಅನುಸೂಚಿಯ ಭಾಷೆಗಳಿಗೆ ಅನುವಾದಿಸಿ ಪ್ರಚುರಪಡಿಸಬೇಕೆಂದು ದೆಹಲಿ ಉಚ್ಚ ನ್ಯಾಯಾಲಯವು ಆ ವರ್ಷದ ಜೂನ್ 30ರಂದು ಆದೇಶಿಸಿ, ಆಕ್ಷೇಪಣೆಯ ಗಡುವನ್ನು ಆಗಸ್ಟ್ 11ಕ್ಕೆ ವಿಸ್ತರಿಸಿತು. ಸ್ಥಳೀಯ ಭಾಷೆಯಲ್ಲಿ ಸಾಕಷ್ಟು ಪ್ರಚಾರವಾಗಿಲ್ಲವೆಂಬ ವಿಷಯವನ್ನು ಕರ್ನಾಟಕ ಉಚ್ಚ ನ್ಯಾಯಾಲಯವೂ ಕೈಗೆತ್ತಿಕೊಂಡು, ಅಂತಿಮ ಅಧಿಸೂಚನೆಯನ್ನು ಮಧ್ಯಂತರವಾಗಿ ತಡೆಯಿತು. ಓದಲಾಗದ ಆಹ್ವಾನ ಆಹ್ವಾನವೇ ಅಲ್ಲ ಎಂಬ ತತ್ತ್ವ ಇದರ ಹಿಂದಿದೆ. ಹೊಸೂರಿಗೆ ಅದು ಅನ್ವಯಿಸದಿರಲು ಕಾರಣವಿಲ್ಲ.

ಅನುವಾದವಾದ ಮಾತ್ರಕ್ಕೆ ತಿಳಿವು ಸಿದ್ಧಿಸುವುದಿಲ್ಲ. ಬೆಂಗಳೂರಿನ ಕಚೇರಿಗನ್ನಡದಲ್ಲಿ ಪಹಣಿ, ಖಾತೆ, ಖರಾಬು, ಗ್ರಾಮಠಾಣ ಎಂದು ಬರೆದರೆ ಹೊಸೂರಿನ ಕನ್ನಡಿಗನು ತಡವರಿಸುತ್ತಾನೆ. ಅವನ ಕೈಯಲ್ಲಿರುವ ಪತ್ರಗಳು ಪಟ್ಟಾ, ಚಿಟ್ಟಾ, ಅಡಂಗಲ್. ಅವನ ಊರಿನ ನೆಲ ನತ್ತಂ, ಪೊರಂಬೋಕು. ಇವು ತಮಿಳುನಾಡಿನ ಕಂದಾಯ ಆಡಳಿತದ ಮಾತುಗಳಾದರೂ ಅವನ ಕನ್ನಡದ ಭಾಗವೇ ಆಗಿವೆ. ಈ ನೆಲದ ಕನ್ನಡಕ್ಕೆ ಹೊಂದುವ ಅನುವಾದ ಈ ನೆಲದಲ್ಲಿಯೇ ಆಗಬೇಕು.

ತಾಂತ್ರಿಕ ಪದಗಳಿಗೂ ಈ ಮಾತು ಸಲ್ಲುತ್ತದೆ. ಎಫ್‌ಎಸ್‌ಐ ಎಂದರೆ ನಿವೇಶನದ ವಿಸ್ತೀರ್ಣದ ಎಷ್ಟು ಪಟ್ಟು ಕಟ್ಟಡ ಕಟ್ಟಬಹುದೆಂಬ ಲೆಕ್ಕ. 2019ರ ತಮಿಳುನಾಡು ಕಟ್ಟಡ ನಿಯಮಗಳಲ್ಲಿ ಬಹುಮಹಡಿಯಲ್ಲದ ಕಟ್ಟಡಗಳಿಗೆ ಅದು ಸಾಮಾನ್ಯವಾಗಿ 2. ಅಂದರೆ ಮೂವತ್ತು–ನಲವತ್ತರ ನಿವೇಶನದಲ್ಲಿ, 1,200 ಚದರಡಿಯ ನೆಲದ ಮೇಲೆ, ಎಲ್ಲ ಅಂತಸ್ತುಗಳೂ ಸೇರಿ 2,400 ಚದರಡಿ. ಇಷ್ಟು ಬಿಡಿಸಿ ಹೇಳಿದರೆ ಪೇಟೆಯ ಯಾವ ಮನೆಯೊಡೆಯನಾದರೂ ತನ್ನ ಅಭಿಪ್ರಾಯವನ್ನು ಹೇಳಬಲ್ಲನು.

ಓದಿನ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. 2006ರ ತಮಿಳು ಕಲಿಕೆ ಕಾಯ್ದೆಯ ನಂತರ ಇಲ್ಲಿಯ ಶಾಲೆಗಳಲ್ಲಿ ತಮಿಳು ಕಡ್ಡಾಯವಾಗಿದೆ. ಒಂದೇ ಮನೆಯಲ್ಲಿ ಅಜ್ಜನಿಗೆ ಕನ್ನಡದ ಅಕ್ಷರ ಬಂದು ತಮಿಳು ಬಾರದಿರಬಹುದು. ಮೊಮ್ಮಗಳು ಮನೆಯಲ್ಲಿ ಕನ್ನಡವಾಡಿದರೂ ತಮಿಳನ್ನೇ ಓದುವವಳಾಗಿರಬಹುದು. ಅಜ್ಜಿಗೆ ಯಾವ ಅಕ್ಷರವೂ ಬಾರದಿರಬಹುದು. ಮೂವರನ್ನೂ ತಲುಪುವುದು ಓದಿ ಹೇಳಿದ ಮಾತು ಮಾತ್ರ. ಹಿಂದೆ ತಮಟೆ ಬಾರಿಸಿ ಸಾರುತ್ತಿದ್ದರು. ದಂಡೋರಾ ಎನ್ನಲಾಗುವ ಆ ಪದ್ಧತಿಯನ್ನು ತಮಿಳುನಾಡು ಸರಕಾರ 2022ರಲ್ಲಿ ನಿಲ್ಲಿಸಿತು. ಜಾತಿಯ ಹೊರೆಯಾಗಿದ್ದ ಆ ದುಡಿಮೆ ನಿಂತದ್ದು ಯುಕ್ತವೇ. ಆದರೆ ಕಿವಿಗೆ ಮುಟ್ಟಿಸುವ ಕರ್ತವ್ಯ ಮುಗಿದಿಲ್ಲ. ಧ್ವನಿವರ್ಧಕ ಕಟ್ಟಿದ ವಾಹನ ಬೀದಿಬೀದಿಯಲ್ಲಿ ಮೂರು ಭಾಷೆಗಳಲ್ಲಿ ಸಾರಿ ಹೋಗಲು ದೊಡ್ಡ ವೆಚ್ಚವೇನೂ ತಗಲದು.

ಹೇಳುವವರು ಯಾರು

ಎರಡನೆಯ ಪ್ರಶ್ನೆ, ಮಾತನ್ನು ಸಲ್ಲಿಸುವುದು. ಸಂವಿಧಾನದ 350ನೆಯ ಅನುಚ್ಛೇದದ ಪ್ರಕಾರ ತನ್ನ ಅಹವಾಲನ್ನು ಒಕ್ಕೂಟದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಧಿಕಾರಿಗೆ ಸಲ್ಲಿಸುವ ಹಕ್ಕು ಪ್ರತಿಯೊಬ್ಬರಿಗೂ ಇದೆ. ವಸತಿ ಯೋಜನೆಗೆ ಕನ್ನಡದಲ್ಲಿ ಬರೆದ ಆಕ್ಷೇಪಣೆಯ ಹಿಂದೆ ಈ ಹಕ್ಕು ನಿಂತಿದೆ. ನಮ್ಮವರಲ್ಲಿ ಬಹಳ ಮಂದಿಗೆ ಇದು ತಿಳಿದಿಲ್ಲವಾದ್ದರಿಂದ ತಮಿಳು ಬರೆಯಬಲ್ಲ ಮಧ್ಯಸ್ಥರನ್ನು ಹುಡುಕುತ್ತಾರೆ, ಇಲ್ಲವೇ ಸುಮ್ಮನಾಗುತ್ತಾರೆ.

ಭಾಷೆಯಷ್ಟೇ ಮುಖ್ಯವಾದುದು ನಿವಾಸಿ ಎಂದರೆ ಯಾರು ಎಂಬ ನಿರ್ಣಯ. ಬೆಂಗಳೂರಿನ ಈಜೀಪುರದಲ್ಲಿ ಬಡವರಿಗಾಗಿ ಕಟ್ಟಿದ್ದ ವಸತಿಗೃಹಗಳು ಶಿಥಿಲಗೊಂಡು ಕುಸಿದ ಬಳಿಕ, ಖಾಸಗಿ ಸಹಭಾಗಿತ್ವದಲ್ಲಿ ಮರುನಿರ್ಮಾಣದ ಯೋಜನೆ ಬಂತು. 2013ರ ಜನವರಿಯಲ್ಲಿ ಅಲ್ಲಿಂದ ಸಾವಿರಕ್ಕೂ ಮೀರಿದ ಕುಟುಂಬಗಳನ್ನು ಎಬ್ಬಿಸಲಾಯಿತು. ಹೊಸ ಮನೆಯ ಭರವಸೆ ಮೂಲ ಹಂಚಿಕೆದಾರರಿಗೆ ಇತ್ತು. ವರ್ಷಗಟ್ಟಲೆ ಬಾಡಿಗೆಗಿದ್ದವರು ಪಟ್ಟಿಯ ಹೊರಗುಳಿದರು. ಇರುವವರನ್ನು ಬಿಟ್ಟು ಹೆಸರುಳ್ಳವರನ್ನು ಮಾತ್ರ ಕೇಳಿದರೆ ಆಗುವುದು ಇಷ್ಟೇ. ಹೊಸೂರಿನ ಕೇಂದ್ರದಲ್ಲಿ ಬಾಡಿಗೆದಾರರನ್ನು, ಪಾಳಿಯ ಮೇಲೆ ದುಡಿದು ಕೂಡುಕೋಣೆಗಳಲ್ಲಿ ಇರುವವರನ್ನು ಲೆಕ್ಕಕ್ಕೆ ಹಿಡಿಯದ ಸಭೆ ಮನೆಯೊಡೆಯರ ಸಭೆಯಾಗುತ್ತದೆ. ಬೆಳಗ್ಗೆ ಹನ್ನೊಂದಕ್ಕೆ ಕರೆದ ಸಭೆಗೆ ಅವರು ಬರಲಾರರು; ಭಾನುವಾರ ಸಂಜೆಗೆ ಕರೆದರೆ ಬಂದಾರು.

ಇದಕ್ಕೆ ಬೇರೆಯಾದ ಮಾದರಿ ಪುಣೆಯ ಯರವಾಡಾದ್ದು. ಜವಾಹರಲಾಲ್ ನೆಹರೂ ನಗರ ನವೀಕರಣ ಅಭಿಯಾನದ ಅಡಿಯಲ್ಲಿ ಅಲ್ಲಿಯ ಕೊಳೆಗೇರಿಗಳ ಕಚ್ಚಾ ಮನೆಗಳನ್ನು ಇದ್ದಲ್ಲಿಯೇ ಸುಮಾರು 270 ಚದರಡಿಯ ಪಕ್ಕಾ ಮನೆಗಳಾಗಿ ಮರುಕಟ್ಟಲಾಯಿತು. ಮಹಿಳಾ ಮಿಲನ್ ಸಂಘಟನೆಯ ಹೆಂಗಸರು ಮನೆಮನೆಯ ಸಮೀಕ್ಷೆಗೆ ಕೈಗೂಡಿಸಿದರು. ಮನೆಯ ವಿನ್ಯಾಸದ ಮಾತುಕತೆಯಲ್ಲಿ ನಿವಾಸಿಗಳೂ ಕೂತರು. ನೆರೆಹೊರೆ ಚದುರದೆ ಉಳಿದದ್ದು ಅದರ ಗಳಿಕೆ.

ಉತ್ತರ ಪಡೆಯುವ ಹಕ್ಕು

ಮೂರನೆಯದು ಉತ್ತರ. ಅಮೆರಿಕದ ಷೆರಿ ಆರ್ನ್‌ಸ್ಟೀನ್ 1969ರಲ್ಲಿ ನಾಗರಿಕರ ಪಾಲ್ಗೊಳ್ಳುವಿಕೆಯನ್ನು ಎಂಟು ಮೆಟ್ಟಿಲುಗಳ ಏಣಿಗೆ ಹೋಲಿಸಿದರು. ಜನರನ್ನು ಕೇಳಿಯೂ ಅವರ ಮಾತಿಗೆ ತೀರ್ಮಾನದಲ್ಲಿ ಸ್ಥಾನ ಕೊಡದಿರುವುದು ಅದರಲ್ಲಿ ನಡುವಿನ ಮೆಟ್ಟಿಲು. ಅದನ್ನವರು ತೋರಿಕೆಯ ಪಾಲ್ಗೊಳ್ಳುವಿಕೆ ಎಂದೇ ಗಣಿಸಿದರು. ಬಂದ ಆಕ್ಷೇಪಣೆಗಳಲ್ಲಿ ಯಾವುದನ್ನು ಒಪ್ಪಲಾಯಿತು, ಯಾವುದನ್ನು ಬಿಡಲಾಯಿತು, ಏಕೆ ಎಂಬುದನ್ನು ಬರೆದು ಪ್ರಕಟಿಸದ ಯೋಜನೆ ಆ ಮೆಟ್ಟಿಲಲ್ಲೇ ನಿಲ್ಲುತ್ತದೆ.

350ನೆಯ ಅನುಚ್ಛೇದವು ಬರೆಯುವ ಹಕ್ಕನ್ನು ಕೊಟ್ಟಿದೆಯೇ ಹೊರತು ಅದೇ ಭಾಷೆಯಲ್ಲಿ ಉತ್ತರ ಪಡೆಯುವ ಹಕ್ಕನ್ನು ಕೊಟ್ಟಿಲ್ಲ. ಈ ಕೊರತೆಯನ್ನು ನೆರೆಯ ಕೇರಳ ತುಂಬಿಕೊಂಡಿದೆ. ಅಲ್ಲಿಯ 1969ರ ಅಧಿಕೃತ ಭಾಷಾ ಕಾಯ್ದೆಯು ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲಿ ಸರಕಾರದೊಡನೆ ಪತ್ರವ್ಯವಹಾರ ನಡೆಸಲು, ಅದೇ ಭಾಷೆಯಲ್ಲಿ ಉತ್ತರ ಪಡೆಯಲು ಅವಕಾಶವಿತ್ತಿದೆ. ಆಚರಣೆಗಾಗಿ ಕಾಸರಗೋಡಿನ ಕನ್ನಡಿಗರು ಇಂದಿಗೂ ಹೋರಾಡಬೇಕಾಗಿದೆಯಾದರೂ, ಕೈಯಲ್ಲಿ ಒಂದು ಕಾಯ್ದೆಯನ್ನು ಹಿಡಿದು ಹೋರಾಡುವುದಕ್ಕೂ ಬರಿಗೈಯಲ್ಲಿ ಬೇಡುವುದಕ್ಕೂ ಅಂತರವಿದೆ. ಕೇರಳವು ತನ್ನ ತಮಿಳರಿಗೆ ಕೊಟ್ಟುದನ್ನು ತಮಿಳುನಾಡು ತನ್ನ ಕನ್ನಡ, ತೆಲುಗು ಭಾಷಿಕರಿಗೆ ಕೊಡಲೆಂದು ಕೇಳುವುದು ತಮಿಳಿಗೆ ವಿರುದ್ಧವಾದ ಬೇಡಿಕೆಯಲ್ಲ.

ನಮ್ಮಂಥ ಅಧ್ಯಯನ ಕೇಂದ್ರಗಳು ಕಾನೂನು ಬದಲಾಗುವವರೆಗೆ ಕಾಯಬೇಕಿಲ್ಲ. ಹೊಸೂರು ಸೀಮೆಯ ಕನ್ನಡಕ್ಕೆ ಒಗ್ಗುವ ಯೋಜನಾ ಪದಕೋಶ, ವಾರ್ಡುವಾರು ಭಾಷಾ ನಕ್ಷೆ, ಕನ್ನಡದಲ್ಲಿ ಆಕ್ಷೇಪಣೆ ಬರೆಯಲು ಒಂದು ಪುಟದ ಮಾದರಿ, ಈ ಮೂರನ್ನೂ ಮೊದಲೇ ಸಿದ್ಧಪಡಿಸಿ ಇಟ್ಟುಕೊಳ್ಳಬಹುದು. ಕರಡು ಪ್ರಕಟವಾದಂದಿನಿಂದ ಲೆಕ್ಕಕ್ಕೆ ಸಿಗುವುದು ಎರಡು ತಿಂಗಳು. ಮೊದಲ ಎರಡು ವಾರಗಳಲ್ಲಿ ಅನುವಾದ, ಮುಂದಿನ ನಾಲ್ಕು ವಾರಗಳಲ್ಲಿ ಪೇಟೆಯ ಓಣಿಗಳಿಂದ ಸಾನಮಾವಿನವರೆಗೆ ನಕ್ಷೆಯನ್ನು ಹರವಿ ಓದಿ ಹೇಳುವುದು, ಉಳಿದ ದಿನಗಳಲ್ಲಿ ಜನರ ಮಾತನ್ನು ಬರೆದುಕೊಂಡು ಸ್ವೀಕೃತಿಯೊಡನೆ ಸಲ್ಲಿಸುವುದು. ಸಿದ್ಧತೆಯಿದ್ದರೆ ಆ ಎರಡು ತಿಂಗಳು ಸಾಕಾಗುತ್ತದೆ; ಪ್ರಕಟಣೆ ಬಂದ ಮೇಲೆ ಪದಗಳನ್ನು ಹುಡುಕಲು ಕೂತರೆ ಸಾಲದು.